ಬರೆದಿಟ್ಟವನಿಗೆ ಏನು ಸಿಕ್ಕಿತು? ಆಫೀಸಿನ ಕೊಲಾಬರೇಷನ್ ಸಾಫ್ಟ್‌ವೇರ್‌ನ ಅರ್ಧ ಶತಮಾನ

ಕಳೆದ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಒಂದಷ್ಟು ಇಸವಿ, ಹೆಸರುಗಳನ್ನೂ ಸೇರಿಸಿದ್ದೀನಿ. ಕ್ಯಾಬ್‌ನಲ್ಲಿ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ಮೊದಲು ನನ್ನದೇ ಒಂದು ಕಥೆ. ನಾನು ತೀರ್ಥಹಳ್ಳಿ ಕಡೆಯವನು, ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ನಾಲ್ಕು ವರ್ಷದ ಹಿಂದೆ, ಆಗ ನಾನಿದ್ದ ಕಂಪನಿಯಲ್ಲಿ ಹೊಸದೊಂದು ಕೊಲಾಬರೇಷನ್ ಟೂಲ್ ತಂದರು. ಚಾಟ್, ವಿಕಿ, ಟಾಸ್ಕ್ ಬೋರ್ಡ್ ಎಲ್ಲಾ ಒಂದರಲ್ಲೇ. ಪ್ರತಿ ಟೀಮಿಗೂ ಒಬ್ಬ 'ಅಡಾಪ್ಷನ್ ಚಾಂಪಿಯನ್' ಬೇಕು ಅಂದರು. ನಮ್ಮ ಟೀಮಿಗೆ ನಾನೇ ಚಾಂಪಿಯನ್. ಒಂದು ಟೀ-ಶರ್ಟ್ ಕೊಟ್ಟರು, ಒಂದು ಡ್ಯಾಶ್‌ಬೋರ್ಡ್ ಕೊಟ್ಟರು. ಯಾರು ಎಷ್ಟು ಸಲ ಲಾಗಿನ್ ಆದರು, ಎಷ್ಟು ಪೇಜ್ ಬರೆದರು ಅಂತ ಅದರಲ್ಲಿ ಕಾಣ್ತಿತ್ತು. ಪ್ರತಿ ಶುಕ್ರವಾರ ಮ್ಯಾನೇಜರ್‌ಗೆ ರಿಪೋರ್ಟ್ ಕಳಿಸಬೇಕು.

ಎರಡೇ ವಾರದಲ್ಲಿ ನಮ್ಮ ಹುಡುಗರು ಡ್ಯಾಶ್‌ಬೋರ್ಡಿನ ಗುಟ್ಟು ಹಿಡಿದುಬಿಟ್ಟರು. ಬೆಳಿಗ್ಗೆ ಎದ್ದ ತಕ್ಷಣ ಎಲ್ಲರೂ 'ಗುಡ್ ಮಾರ್ನಿಂಗ್ ಟೀಮ್' ಹಾಕೋದು, ಅದಕ್ಕೆ ಹದಿನೈದು ಜನ ಥಂಬ್ಸ್ ಅಪ್ ಒತ್ತೋದು. ಗ್ರಾಫ್ ಜೋರಾಗಿ ಮೇಲೆ ಹೋಯ್ತು. ನಿಜವಾದ ಕೆಲಸದ ಮಾತು ಮಾತ್ರ ಮೊದಲಿನ ಹಾಗೆ ವಾಟ್ಸಾಪ್‌ನಲ್ಲಿ, ಕಾಫಿ ಮಷೀನ್ ಮುಂದೆ ನಡೀತಿತ್ತು.

ಟೀಮಲ್ಲಿ ಹುಬ್ಬಳ್ಳಿ ಕಡೆಯ ಸೀನಿಯರ್ ಒಬ್ಬರಿದ್ದರು. ನಾನು ಅವರನ್ನ ಅಣ್ಣಾ ಅಂತಲೇ ಕರೀತಿದ್ದೆ. ತಿಂಗಳ ಕೊನೆಯ ಬಿಲ್ಲಿಂಗ್ ಜಾಬ್‌ಗಳು ಎಲ್ಲಿ ಸಿಕ್ಕಿಹಾಕಿಕೊಳ್ತಾವೆ, ಎಲ್ಲಿ ಏನು ತಿದ್ದಿದರೆ ಮತ್ತೆ ಓಡ್ತಾವೆ ಅನ್ನೋದು ಅವರೊಬ್ಬರಿಗೇ ಗೊತ್ತಿದ್ದಿದ್ದು. ಡ್ಯಾಶ್‌ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಸೊನ್ನೆ. "ಅಣ್ಣಾ, ನೀವೂ ಸ್ವಲ್ಪ ಬರೀರಿ" ಅಂದೆ. ಅವರು ನಕ್ಕು ಹೇಳಿದ್ದು ಇನ್ನೂ ನೆನಪಿದೆ: "ತಮ್ಮಾ, ನನ್ನ ತಲ್ಯಾಗ ಇರೋದನ್ನೆಲ್ಲಾ ಅದರಾಗ ಬರದು ಇಟ್ರ, ನಾಳೆ ನನ್ನ ಯಾಕ ಇಟ್ಕೋತಾರ ಹೇಳು?"

"ಹಾಗೇನಿಲ್ಲ ಅಣ್ಣಾ, ಬರೆದವರಿಗೇ ಹೆಸರು ಬರೋದು" ಅಂದೆ. ದಿನಾ ಹಿಂದೆ ಬಿದ್ದು ಒಪ್ಪಿಸಿದೆ. ಮೂರು ತಿಂಗಳು ಕೂತು ಅವರು ಬರೆದದ್ದು ಅರವತ್ತು ಪೇಜ್. ಮುಂದೆ ಏನಾಯ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಇತಿಹಾಸ ನೋಡೋಣ. ಯಾಕಂದ್ರೆ ಅಣ್ಣ ಕೇಳಿದ ಪ್ರಶ್ನೆ ಅವರೊಬ್ಬರದೇ ಅಲ್ಲ. ಈ ಸಾಫ್ಟ್‌ವೇರ್‌ಗಳ ಅರ್ಧ ಶತಮಾನದ ಕಥೆಯಲ್ಲಿ ಅದು ಮತ್ತೆ ಮತ್ತೆ ಬಂದಿದೆ.

1968ರ ಒಂದು ಸೋಮವಾರ

1968ರ ಡಿಸೆಂಬರ್ 9. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ಎಂಜಿನಿಯರ್‌ಗಳ ದೊಡ್ಡ ಸಮ್ಮೇಳನ. ಡಗ್ಲಸ್ ಎಂಗೆಲ್ಬಾರ್ಟ್ ಎಂಬ ಎಂಜಿನಿಯರ್ ವೇದಿಕೆ ಮೇಲೆ ಕೂತು ತೊಂಬತ್ತು ನಿಮಿಷ ಒಂದು ಡೆಮೊ ಕೊಟ್ಟರು. ಮೌಸ್ ಅನ್ನೋ ವಸ್ತುವನ್ನು ಜಗತ್ತಿಗೆ ತೋರಿಸಿದ್ದು ಅವತ್ತು. ನಾವೆಲ್ಲ ಮೌಸ್ ಒಂದನ್ನೇ ನೆನಪಿಟ್ಟುಕೊಂಡ್ವಿ. ಆದರೆ ಅವತ್ತಿನ ಇನ್ನೊಂದು ದೃಶ್ಯ ನಮಗೆ ಹೆಚ್ಚು ಸಂಬಂಧಪಟ್ಟದ್ದು. ಸುಮಾರು 50 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕ್‌ನಲ್ಲಿ ಕೂತಿದ್ದ ಸಹೋದ್ಯೋಗಿಯ ಮುಖ ಪರದೆಯ ಮೂಲೆಯಲ್ಲಿ ಕಾಣಿಸಿತು. ಇಬ್ಬರೂ ಒಂದೇ ಡಾಕ್ಯುಮೆಂಟ್ ಮೇಲೆ ಒಟ್ಟಿಗೆ ಕೆಲಸ ಮಾಡಿದರು. ಇವತ್ತಿನ ವಿಡಿಯೋ ಕಾಲ್, ಶೇರ್ಡ್ ಡಾಕ್ಯುಮೆಂಟ್ ಎರಡೂ ಅಲ್ಲೇ ಇತ್ತು ನೋಡಿ.

ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆದರೆ ಆ ಸಿಸ್ಟಮ್ ಆಫೀಸುಗಳಿಗೆ ಹರಡಲಿಲ್ಲ. ಖರ್ಚು ಒಂದು ಕಾರಣ. ಇನ್ನೊಂದು, ಅದನ್ನು ಕಲಿಯೋದೇ ದೊಡ್ಡ ಸಾಹಸ. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಐದು ಕೀಗಳ ಒಂದು ಸಣ್ಣ ಸಾಧನ, ಹಾರ್ಮೋನಿಯಂ ಹಾಗೆ ಒಟ್ಟೊಟ್ಟಿಗೆ ಒತ್ತಬೇಕು. ಕಷ್ಟಪಟ್ಟು ಕಲಿತರೆ ಮನುಷ್ಯನ ಶಕ್ತಿ ಹೆಚ್ಚುತ್ತೆ ಅನ್ನೋದು ಎಂಗೆಲ್ಬಾರ್ಟ್ ನಂಬಿಕೆ. ಜನ ಅಷ್ಟು ಕಷ್ಟಪಡೋಕೆ ತಯಾರಿರಲಿಲ್ಲ. ಅವರ ಟೀಮಿನ ಹಲವರು ಮುಂದೆ ಝೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯಕ್ಕೆ ಹೋದರು.

ವಿದ್ಯಾರ್ಥಿಗಳ ಆಟದಿಂದ ಆಫೀಸಿಗೆ

ಎರಡನೇ ಎಳೆ ಶುರುವಾಗೋದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಪ್ಲೇಟೋ ಅನ್ನೋ ಹೆಸರಿನ ಕಂಪ್ಯೂಟರ್ ವ್ಯವಸ್ಥೆ ಇತ್ತು. ಪಾಠ ಹೇಳೋಕೆ ಅಂತ ಮಾಡಿದ್ದು. 1973ರಲ್ಲಿ ಡೇವಿಡ್ ವೂಲಿ ಎಂಬ ಹದಿಹರೆಯದ ಹುಡುಗ ಅದರ ಮೇಲೆ 'ನೋಟ್ಸ್' ಅನ್ನೋ ಪ್ರೋಗ್ರಾಂ ಬರೆದ. ಸಿಸ್ಟಮ್‌ನಲ್ಲಿ ದೋಷ ಕಂಡರೆ ಅಲ್ಲಿ ಬರೆಯಬೇಕು, ಅದರ ಕೆಳಗೇ ಉತ್ತರ ಬರುತ್ತೆ. ಬರೆದವರ ಹೆಸರು, ತಾರೀಖು ಎಲ್ಲರಿಗೂ ಕಾಣ್ತಿತ್ತು. ಯಾರ ಬಲವಂತವೂ ಇಲ್ಲದೆ ಜನ ಅದಕ್ಕೆ ಅಂಟಿಕೊಂಡರು. ಪ್ರಶ್ನೆ ಹಾಕಿದವರಿಗೇ ಉತ್ತರ ಸಿಗ್ತಿತ್ತಲ್ಲ, ಇನ್ನೇನು ಬೇಕು?

ಅದೇ ಕ್ಯಾಂಪಸ್ಸಿನಲ್ಲಿ ಓದಿದ ರೇ ಓಝಿ ಎಂಬ ವಿದ್ಯಾರ್ಥಿಯ ತಲೆಯಲ್ಲಿ ಈ ನೋಟ್ಸ್ ಉಳಿದುಬಿಡ್ತು. 1984ರಲ್ಲಿ ಲೋಟಸ್ ಕಂಪನಿಯ ಹಣದ ಬೆಂಬಲದಿಂದ ಐರಿಸ್ ಅಸೋಸಿಯೇಟ್ಸ್ ಅನ್ನೋ ಸಣ್ಣ ಕಂಪನಿ ಶುರುಮಾಡಿದರು. ಐದು ವರ್ಷ ಕಟ್ಟಿ, 1989ರ ಕೊನೆಗೆ ಲೋಟಸ್ ನೋಟ್ಸ್ ಹೊರಬಂತು. ಮೇಲ್, ಚರ್ಚೆ, ಶೇರ್ಡ್ ಡೇಟಾಬೇಸ್, ಎಲ್ಲಾ ಒಂದರಲ್ಲಿ. ಪ್ರೈಸ್ ವಾಟರ್‌ಹೌಸ್ ಅನ್ನೋ ದೊಡ್ಡ ಅಕೌಂಟಿಂಗ್ ಸಂಸ್ಥೆ ಒಂದೇ ಸಲಕ್ಕೆ 10,000 ಕಾಪಿ ಕೊಂಡಿತು. 1995ರಲ್ಲಿ ಐಬಿಎಂ ಸುಮಾರು 350 ಕೋಟಿ ಡಾಲರ್ ಕೊಟ್ಟು ಲೋಟಸ್ಸನ್ನೇ ಕೊಂಡುಕೊಂಡಿತು. ಅದರ ಕಣ್ಣಿದ್ದಿದ್ದು ಮುಖ್ಯವಾಗಿ ನೋಟ್ಸ್ ಮೇಲೆ.

ಮಾರಾಟದ ಕಥೆ ಇಷ್ಟು. ಆದರೆ ಕೊಳ್ಳೋದು ಬೇರೆ, ಬಳಸೋದು ಬೇರೆ ಅಲ್ವಾ? ಕೊಂಡ ಆಫೀಸಿನೊಳಗೆ ಏನಾಯ್ತು ಅಂತ ನೋಡೋಕೆ ಒಬ್ಬ ಸಂಶೋಧಕಿ ಹೋದರು.

ಆಲ್ಫಾ ಕಂಪನಿಯಲ್ಲಿ ಕಂಡದ್ದು

ಎಂಐಟಿಯ ವಾಂಡಾ ಓರ್ಲಿಕೋವ್‌ಸ್ಕಿ, ನೋಟ್ಸ್ ತಂದಿದ್ದ ಒಂದು ದೊಡ್ಡ ಕನ್ಸಲ್ಟಿಂಗ್ ಸಂಸ್ಥೆಯೊಳಗೆ ತಿಂಗಳುಗಟ್ಟಲೆ ಇದ್ದು ಜನರನ್ನು ಮಾತಾಡಿಸಿದರು. ಸಂಸ್ಥೆಯ ನಿಜವಾದ ಹೆಸರು ಮರೆಸಿ 'ಆಲ್ಫಾ' ಅಂತ ಕರೆದು 1992ರಲ್ಲಿ ಪ್ರಬಂಧ ಪ್ರಕಟಿಸಿದರು. ಆಲ್ಫಾದ ಮಾಹಿತಿ ವಿಭಾಗದ ಮುಖ್ಯಸ್ಥರಿಗೆ ನೋಟ್ಸ್ ಬಹಳ ಹಿಡಿಸಿತ್ತು. ಒಬ್ಬರ ಅನುಭವ ಎಲ್ಲರಿಗೂ ಸಿಗಲಿ ಅಂತ ಆದಷ್ಟು ಬೇಗ ಎಲ್ಲರ ಮೇಜಿಗೂ ತಲುಪಿಸಿದರು. ಟ್ರೈನಿಂಗ್ ಕೂಡ ಕೊಟ್ಟರು.

ಆದರೂ ಕನ್ಸಲ್ಟೆಂಟ್‌ಗಳು ಹೆಚ್ಚಾಗಿ ಅದನ್ನ ಬಳಸಿದ್ದು ಮೇಲ್ ಕಳಿಸೋಕೆ, ಫೈಲ್ ಸಾಗಿಸೋಕೆ. ಹಂಚಿಕೊಳ್ಳೋದು ನಡೀಲಿಲ್ಲ. ಓರ್ಲಿಕೋವ್‌ಸ್ಕಿ ಕಂಡ ಕಾರಣಗಳು ನಮ್ಮ ಆಫೀಸಿನವೇ ಅನ್ನಿಸ್ತಾವೆ.

ಒಂದು, ಇದು ಯಾತಕ್ಕೆ ಅಂತ ಯಾರೂ ಹೇಳಿರಲಿಲ್ಲ. ಟ್ರೈನಿಂಗ್‌ನಲ್ಲಿ ಯಾವ ಬಟನ್ ಒತ್ತಿದರೆ ಏನಾಗುತ್ತೆ ಅಂತ ಕಲಿಸಿದರೇ ಹೊರತು, ಕೆಲಸದ ರೀತಿ ಹೇಗೆ ಬದಲಾಗಬಹುದು ಅಂತ ಕಲಿಸಲಿಲ್ಲ. ಹಾಗಾಗಿ ಜನ ಅದನ್ನ ವರ್ಡ್ ಪ್ರೊಸೆಸರ್, ಸ್ಪ್ರೆಡ್‌ಶೀಟ್ ಸಾಲಿಗೆ ಸೇರಿಸಿದರು.

ಎರಡು, ಬಿಲ್ಲಿಂಗ್. ಅಲ್ಲಿ ಪ್ರತಿ ಗಂಟೆಯನ್ನೂ ಯಾವುದೋ ಒಂದು ಕ್ಲೈಂಟ್ ಲೆಕ್ಕಕ್ಕೆ ಬರೆಯಬೇಕು. ನೋಟ್ಸ್ ಕಲಿಯೋಕೆ, ಅದರಲ್ಲಿ ಬರೆಯೋಕೆ ಹೋದ ಗಂಟೆಯನ್ನ ಯಾರ ಲೆಕ್ಕಕ್ಕೆ ಹಾಕೋದು? ಟೈಮ್‌ಶೀಟ್ ತುಂಬೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೂರು, ಇದೇ ಮುಖ್ಯ. ಅಲ್ಲಿ ಇದ್ದಿದ್ದು 'ಮೇಲೆ ಹೋಗು, ಇಲ್ಲ ಹೊರಗೆ ಹೋಗು' ಅನ್ನೋ ಪದ್ಧತಿ. ಪಕ್ಕದ ಸೀಟಿನವನೇ ಪ್ರತಿಸ್ಪರ್ಧಿ. ನನಗೆ ಗೊತ್ತಿರೋದು ಅವನಿಗೆ ಗೊತ್ತಿಲ್ಲ ಅನ್ನೋದೇ ನನ್ನ ಬೆಲೆ. ಅದನ್ನೇ ಶೇರ್ಡ್ ಡೇಟಾಬೇಸ್‌ಗೆ ಹಾಕು ಅಂದರೆ ಯಾರು ಹಾಕ್ತಾರೆ? ಅದೇ ಸಂಸ್ಥೆಯ ತಂತ್ರಜ್ಞರ ವಿಭಾಗದವರಿಗೆ ಆ ಪೈಪೋಟಿ ಇರಲಿಲ್ಲ, ಗಂಟೆಯ ಲೆಕ್ಕವೂ ಇರಲಿಲ್ಲ. ಅವರು ನೋಟ್ಸನ್ನ ಚೆನ್ನಾಗಿಯೇ ಬಳಸಿದರು. ಕಟ್ಟಡ ಒಂದೇ, ಸಾಫ್ಟ್‌ವೇರ್ ಒಂದೇ. ಬದಲಾಗಿದ್ದು ಅಪ್ರೈಸಲ್ ಪದ್ಧತಿ.

ನಮ್ಮ ಹುಬ್ಬಳ್ಳಿ ಅಣ್ಣ ಇದನ್ನ ಯಾವ ಪ್ರಬಂಧವನ್ನೂ ಓದದೆ ಒಂದೇ ವಾಕ್ಯದಲ್ಲಿ ಹೇಳಿದ್ದರು.

ಕೆಲಸ ಯಾರಿಗೆ, ಫಲ ಯಾರಿಗೆ?

ಇದಕ್ಕೂ ನಾಲ್ಕು ವರ್ಷ ಮೊದಲು, 1988ರಲ್ಲಿ, ಜೊನಾಥನ್ ಗ್ರುಡಿನ್ ಇಂಥ ಸಾಫ್ಟ್‌ವೇರ್‌ಗಳು ಯಾಕೆ ಸೋಲ್ತಾವೆ ಅಂತ ಒಂದು ಪ್ರಬಂಧ ಬರೆದಿದ್ದರು. ಗ್ರುಡಿನ್ ತಾವೂ ಪ್ರೋಗ್ರಾಮರ್ ಆಗಿ ಕೆಲಸ ಮಾಡಿದವರು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡುವಾಗ ಒಂದು ಸೆಮಿನಾರಿಗೆ ನಾನು ಅದನ್ನ ಓದಿದ್ದೆ. ಮಾರ್ಕ್ಸ್ ಬಂತು, ಮರೆತೆ. ಟೀ-ಶರ್ಟ್ ಹಾಕ್ಕೊಳ್ಳೋವಾಗ ನೆನಪಾಗಿದ್ದಿದ್ರೆ ಚೆನ್ನಾಗಿತ್ತು.

ಗ್ರುಡಿನ್ ಕೊಟ್ಟ ಉದಾಹರಣೆ ಮೀಟಿಂಗ್ ಗೊತ್ತುಮಾಡುವ ಸಾಫ್ಟ್‌ವೇರ್. ಹತ್ತು ಜನರಿಗೂ ಬಿಡುವಿರೋ ಹೊತ್ತನ್ನ ಅದೇ ಹುಡುಕಿಕೊಡುತ್ತೆ. ಲಾಭ ಯಾರಿಗೆ? ಮೀಟಿಂಗ್ ಕರೆಯೋ ಮ್ಯಾನೇಜರ್‌ಗೆ. ಅದು ಸರಿಯಾಗಿ ನಡೀಬೇಕಾದರೆ ಹತ್ತೂ ಜನ ತಮ್ಮ ಕ್ಯಾಲೆಂಡರನ್ನ ದಿನಾ ತುಂಬಿಸಬೇಕು. ಶ್ರಮ ಹತ್ತು ಜನರದ್ದು, ಫಲ ಒಬ್ಬರಿಗೆ. ಕೊಳ್ಳೋ ನಿರ್ಧಾರ ಮಾಡೋರೂ ಮ್ಯಾನೇಜರೇ ಆದ್ದರಿಂದ ಡೆಮೊದಲ್ಲಿ ಅವರಿಗೆ ಲಾಭ ಮಾತ್ರ ಕಾಣುತ್ತೆ, ಉಳಿದವರ ಶ್ರಮ ಕಾಣಲ್ಲ.

ನಮ್ಮೂರ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಕೂಲಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. ಆದರೆ ಯಾವ ಮನೆಗೆ ಎಷ್ಟು ಆಳು ಹೋಗಿತ್ತು ಅನ್ನೋದು ಅಜ್ಜಿಯ ನಾಲಗೆ ತುದಿಯಲ್ಲಿರ್ತಿತ್ತು. ಆಳು ತಿರುಗಿ ಕಳಿಸದ ಮನೆಗೆ ಮುಂದಿನ ವರ್ಷ ಯಾರೂ ಹೋಗ್ತಿರಲಿಲ್ಲ. ಅದಕ್ಕೆ ಯಾವ ಚಾಂಪಿಯನ್ನೂ ಬೇಕಿರಲಿಲ್ಲ, ಯಾಕಂದ್ರೆ ಕೊಟ್ಟದ್ದು ವಾಪಸ್ ಬರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಆಲ್ಫಾದಲ್ಲಿ ಕೇಳಿದ್ದು ಬರೀ ಕೊಡೋದನ್ನ.

ಗೆದ್ದ ಕಡೆ ಏನಿತ್ತು?

ಸೋತ ಕಥೆ ಮಾತ್ರ ಹೇಳಿದರೆ ಅನ್ಯಾಯ ಆಗುತ್ತೆ. ಗೆದ್ದದ್ದೂ ಇದೆ.

1995ರಲ್ಲಿ ಗ್ರುಡಿನ್ ಮತ್ತು ಲೇಸಿಯಾ ಪೇಲೆನ್ ಸೇರಿ ಸನ್ ಮೈಕ್ರೋಸಿಸ್ಟಮ್ಸ್ ಮತ್ತು ಮೈಕ್ರೋಸಾಫ್ಟ್ ಒಳಗೆ ನೋಡಿದಾಗ, ಹಿಂದೆ ಸೋತಿದ್ದ ಅದೇ ಮೀಟಿಂಗ್ ಕ್ಯಾಲೆಂಡರ್ ಅಲ್ಲಿ ಎಲ್ಲರೂ ಬಳಸುವಂತಾಗಿತ್ತು. ಮೇಲಿಂದ ಆದೇಶ ಬಂದದ್ದರಿಂದ ಅಲ್ಲ. ಅಷ್ಟರಲ್ಲಿ ಕ್ಯಾಲೆಂಡರ್ ಬಳಸೋದು ಸುಲಭವಾಗಿತ್ತು, ತುಂಬಿಸಿದವನಿಗೂ ಉಪಯೋಗಕ್ಕೆ ಬರ್ತಿತ್ತು. ಸುತ್ತಲಿನವರೆಲ್ಲ ಬಳಸೋಕೆ ಶುರುಮಾಡಿದ ಮೇಲೆ, ಕ್ಯಾಲೆಂಡರ್ ಖಾಲಿ ಬಿಟ್ಟವನ ಊಟದ ಹೊತ್ತಿಗೇ ಮೀಟಿಂಗ್ ಬಂದು ಬೀಳ್ತಿತ್ತು. ಜೊತೆಯವರ ಒತ್ತಡ ಮಾಡಿದ್ದನ್ನ ಮ್ಯಾನೇಜರ್ ಆದೇಶ ಮಾಡೋಕಾಗ್ತಿರಲಿಲ್ಲ.

ಎರಡನೆಯದು ಓರ್ಲಿಕೋವ್‌ಸ್ಕಿ ಅವರೇ 1996ರಲ್ಲಿ ಬರೆದದ್ದು. ಈ ಸಲ ಒಂದು ಸಾಫ್ಟ್‌ವೇರ್ ಕಂಪನಿಯ ಕಸ್ಟಮರ್ ಸಪೋರ್ಟ್ ವಿಭಾಗ. ಅದಕ್ಕೆ 'ಝೀಟಾ' ಅಂತ ಮಾರುಹೆಸರು. ಸಾಫ್ಟ್‌ವೇರ್ ಮತ್ತದೇ ನೋಟ್ಸ್. ಅದರ ಮೇಲೆ ಕಾಲ್‌ಗಳನ್ನ ದಾಖಲಿಸೋ ಒಂದು ವ್ಯವಸ್ಥೆ ಕಟ್ಟಿದರು. ಮೊದಲು ಸ್ವಲ್ಪ ಜನರೊಂದಿಗೆ ಪ್ರಯೋಗ, ಆಮೇಲೆ ಎಲ್ಲರಿಗೂ. ಗ್ರಾಹಕ ಏನು ಹೇಳಿದ, ನಾನೇನು ಮಾಡಿ ನೋಡಿದೆ, ಯಾವುದು ಫಲಿಸಿತು ಅಂತ ಹಂತಹಂತವಾಗಿ ಬರೆಯಬೇಕು.

ಇಲ್ಲಿ ಜನ ಬರೆದರು. ಯಾಕೆ? ಒಂದು, ನಾಳೆ ಅಂಥದ್ದೇ ಕಾಲ್ ಬಂದರೆ ಹುಡುಕಿ ತೆಗೆಯೋನು ಬರೆದವನೇ. ಫಲ ಅವನ ಮೇಜಿಗೇ ಬರುತ್ತೆ. ಎರಡು, ಮ್ಯಾನೇಜರ್‌ಗಳು ಅಳೆಯೋ ಕೋಲನ್ನೇ ಬದಲಿಸಿದರು. ಸಮಸ್ಯೆ ಬಗೆಹರಿಸಿದ್ದಕ್ಕೆ ಮಾತ್ರವಲ್ಲ, ಬಗೆಹರಿಸಿದ ದಾರಿಯನ್ನ ಬರೆದಿಟ್ಟದ್ದಕ್ಕೂ ಅಪ್ರೈಸಲ್‌ನಲ್ಲಿ ಬೆಲೆ ಸಿಕ್ಕಿತು. ಮೂರು, ಅಡ್ಡಿ ಬಂದಾಗ ಜನರನ್ನ ದೂರೋ ಬದಲು ವ್ಯವಸ್ಥೆ ತಿದ್ದಿದರು. ಹೊಸಬರಿಗೆ ಕಷ್ಟದ ಕಾಲ್‌ಗಳನ್ನ ಸೀನಿಯರ್‌ಗೆ ದಾಟಿಸೋಕೆ ಸಂಕೋಚ. ಅದಕ್ಕೆ ನಡುವೆ ಒಬ್ಬರನ್ನ ಇಟ್ಟರು. ಕೆಲಸ ಹಂಚೋದು ಅವರ ಜವಾಬ್ದಾರಿ. ಹೋಗ್ತಾ ಹೋಗ್ತಾ, ಬೇರೆಯವರ ಕಾಲ್‌ಗಳನ್ನ ತಾವಾಗಿಯೇ ಓದಿ 'ಇದಕ್ಕೆ ಹೀಗೆ ಮಾಡಿ ನೋಡು' ಅಂತ ಹೇಳೋದೂ ಶುರುವಾಯ್ತು. ಕೇಳದೇ ಬರೋ ಸಹಾಯ. ಮುಯ್ಯಾಳು ಅಂದರೆ ಇದೇ ಅಲ್ವಾ?

ನಮ್ಮ ಕಾಲಕ್ಕೆ ಬಂದರೆ, ಒಂದು ಆನ್‌ಲೈನ್ ಗೇಮ್ ಮಾಡ್ತಿದ್ದ ಟೀಮು ತಮ್ಮೊಳಗಿನ ಮಾತಿಗೆ ಕಟ್ಟಿಕೊಂಡ ಸಾಧನ, ಗೇಮ್ ಮುಚ್ಚಿದ ಮೇಲೆ ಸ್ಲ್ಯಾಕ್ ಆಗಿ 2013ರಲ್ಲಿ ಹೊರಬಂತು. ಮೈಕ್ರೋಸಾಫ್ಟ್ ಟೀಮ್ಸ್ 2017ರಲ್ಲಿ ಬಂತು. 2020ರ ಲಾಕ್‌ಡೌನ್ ಬಂದಾಗ ಯಾವ ಚಾಂಪಿಯನ್ನೂ ಬೇಕಾಗಲಿಲ್ಲ, ಬೇರೆ ದಾರಿಯೇ ಇರಲಿಲ್ಲ. ಇನ್ನು ಆ ಹಳೇ ಲೋಟಸ್ ನೋಟ್ಸ್? 2018ರ ಕೊನೆಯಲ್ಲಿ ಐಬಿಎಂ ಅದನ್ನ ಇನ್ನೂ ಕೆಲವು ಸಾಫ್ಟ್‌ವೇರ್‌ಗಳ ಜೊತೆ 180 ಕೋಟಿ ಡಾಲರ್‌ಗೆ ನಮ್ಮ ನೋಯ್ಡಾದ ಎಚ್‌ಸಿಎಲ್‌ಗೆ ಮಾರೋದಾಗಿ ಹೇಳಿತು, 2019ರಲ್ಲಿ ಕೈಬದಲಾಯ್ತು. ದೆಹಲಿ ಕಡೆ ಇರೋ ಕನ್ನಡದವರು ಯಾರಾದರೂ ಇದನ್ನ ಓದ್ತಾ ಅದರ ಮೇಲೇ ಕೆಲಸ ಮಾಡ್ತಿದ್ದರೂ ಆಶ್ಚರ್ಯವಿಲ್ಲ.

ಟೂಲ್‌ಗಳು ಬದಲಾದವು. ಲಾಗಿನ್ ಆಗಿಸೋ ಸಮಸ್ಯೆ ಹೆಚ್ಚುಕಡಿಮೆ ಮುಗಿದಿದೆ. ಗೊತ್ತಿರೋದನ್ನ ಬರೆಯಿಸೋ ಸಮಸ್ಯೆ ಹಾಗೇ ಇದೆ.

ಅಣ್ಣನ ಅರವತ್ತು ಪೇಜ್

ಈಗ ಬಾಕಿ ಕಥೆ. ಅಣ್ಣ ಬರೆದು ಮುಗಿಸಿದ ಮುಂದಿನ ವರ್ಷ ಕಂಪನಿಯಲ್ಲಿ ಜನರನ್ನ ಕಡಿಮೆ ಮಾಡಿದರು. ನಮ್ಮ ಟೀಮಿಂದ ಮೂರು ಹೆಸರು. ಅದರಲ್ಲಿ ಅಣ್ಣನದೂ ಒಂದು. ಬಿಲ್ಲಿಂಗ್ ಯಾರು ನೋಡ್ಕೋತಾರೆ ಅಂತ ನಾನು ಕೇಳಿದಾಗ ಮ್ಯಾನೇಜರ್ ಹೇಳಿದ್ದು: "ಡಾಕ್ಯುಮೆಂಟೇಷನ್ ಎಲ್ಲಾ ಇದೆಯಲ್ಲ, ನೀವೇ ಮಾಡಿಸಿದ್ದಲ್ವಾ?"

ಬರೆದದ್ದರಿಂದಲೇ ಕೆಲಸ ಹೋಯ್ತು ಅಂತ ನಾನು ಹೇಳಲ್ಲ. ಅವರ ಸಂಬಳ ಜಾಸ್ತಿ ಇತ್ತು, ವಯಸ್ಸೂ ಐವತ್ತರ ಹತ್ತಿರ. ಬರೆಯದೇ ಇದ್ದಿದ್ದರೂ ಹೋಗ್ತಿತ್ತೋ ಏನೋ. ಆದರೆ 'ಬರೆದವರಿಗೇ ಹೆಸರು' ಅಂತ ಮಾತು ಕೊಟ್ಟವನು ನಾನು. ಅದನ್ನ ಉಳಿಸೋ ಅಧಿಕಾರ ನನ್ನ ಕೈಲಿ ಇರಲೇ ಇಲ್ಲ. ನನ್ನ ತಪ್ಪು ಅಲ್ಲೇ.

ಆರು ತಿಂಗಳಲ್ಲಿ ನಾನೂ ಆ ಕಂಪನಿ ಬಿಟ್ಟೆ. ಈಗ ಎಂಟು ಜನರ ಟೀಮಿಗೆ ಲೀಡ್. ಇಲ್ಲೂ ಇದೇ ಥರದ ಟೂಲ್ ಇದೆ, ಡ್ಯಾಶ್‌ಬೋರ್ಡೂ ಇದೆ. ಡ್ಯಾಶ್‌ಬೋರ್ಡ್ ನೋಡೋದು ಬಿಟ್ಟಿದ್ದೀನಿ. ಎರಡೇ ನಿಯಮ ಮಾಡಿದ್ವಿ. ಒಂದು ತೊಂದರೆಗೆ ಪರಿಹಾರ ಬರೆದಿಟ್ಟವರಿಗೆ ಆ ವಿಷಯದ ರಾತ್ರಿ ಕಾಲ್ ಹೋಗಲ್ಲ. ಆನ್-ಕಾಲ್ ಇದ್ದವರು ಪೇಜ್ ನೋಡಿ ಮಾಡ್ತಾರೆ, ಬರೆದವರು ನೆಮ್ಮದಿಯಾಗಿ ಮಲಗ್ತಾರೆ. ಎರಡನೆಯದು, ಅಪ್ರೈಸಲ್ ಬರೆಯುವಾಗ 'ಇವರು ಬರೆದದ್ದು ಯಾರಿಗೆ, ಯಾವಾಗ ಉಪಯೋಗಕ್ಕೆ ಬಂತು' ಅಂತ ಜೊತೆಯವರನ್ನೇ ಕೇಳಿ, ಹೆಸರು ಹಾಕಿ ಸೇರಿಸ್ತೀನಿ. ನನ್ನ ಮ್ಯಾನೇಜರನ್ನ ಇದಕ್ಕೆ ಒಪ್ಪಿಸೋಕೆ ಒಂದು ವರ್ಷ ಹಿಡೀತು. ಟೂಲ್ ಕಲಿಸೋದಕ್ಕಿಂತ ಇದು ಕಷ್ಟದ ಕೆಲಸ. ನಾಳೆ ಇಲ್ಲೂ ಜನರನ್ನ ಕಡಿಮೆ ಮಾಡಿದರೆ ಈ ಎರಡು ನಿಯಮ ಯಾರನ್ನೂ ಉಳಿಸಲ್ಲ, ಅದೂ ಗೊತ್ತು. ಆದ್ದರಿಂದ ಟೀಮಿನವರಿಗೆ ಅಂಥ ಮಾತು ಕೊಡಲ್ಲ. ನನ್ನ ಕೈಲಿರೋದನ್ನ ಮಾತ್ರ ಹೇಳ್ತೀನಿ.

ಇದನ್ನ ಓದ್ತಿರೋರಲ್ಲಿ ಹಲವರು ಈಗ ಲೀಡ್, ಮ್ಯಾನೇಜರ್ ಆಗಿದ್ದೀರಿ. ಪುಣೆ, ಹೈದರಾಬಾದ್, ಚೆನ್ನೈ ಎಲ್ಲೇ ಇರಿ, ನಿಮ್ಮ ಟೀಮಿಗೆ ಮುಂದಿನ ಟೂಲ್ ಬಂದೇ ಬರುತ್ತೆ. 'ಎಲ್ಲರೂ ಬಳಸಿ' ಅಂತ ಮೇಲ್ ಕಳಿಸೋಕೆ ಮುಂಚೆ ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ: ಹೆಚ್ಚಿನ ಕೆಲಸ ಯಾರಿಗೆ, ಫಲ ಯಾರಿಗೆ. ಎರಡರಲ್ಲೂ ಒಂದೇ ಹೆಸರುಗಳಿದ್ದರೆ ಚಿಂತೆ ಬಿಡಿ. ಇಲ್ಲದಿದ್ದರೆ ಮೊದಲು ಅಪ್ರೈಸಲ್ ಫಾರ್ಮ್ ತೆಗೀರಿ.

ವಿಡಿಯೋ ಮಾಡೋಕೆ ಮುಂಚೆ ಅಣ್ಣನಿಗೆ ಫೋನ್ ಮಾಡಿದ್ದೆ, ಅವರ ಕಥೆ ಹೇಳಬಹುದಾ ಅಂತ. ಈಗ ಅವರು ಹುಬ್ಬಳ್ಳಿಯಲ್ಲೇ ಒಂದು ಸಣ್ಣ ಕಂಪನಿಯಲ್ಲಿದ್ದಾರೆ. "ಹೇಳಪ್ಪಾ, ಆದ್ರ ಆ ಟೀ-ಶರ್ಟ್ ಹಾಕ್ಕೊಂಡು ಹೇಳಬ್ಯಾಡ" ಅಂತ ನಕ್ಕರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು: "ನಾ ಬರದಿದ್ದನ್ನ ಯಾರರ ಓದ್ತಾರೇನು?"

ನನಗೆ ಗೊತ್ತಿರಲಿಲ್ಲ. ಅಲ್ಲೇ ಇರೋ ಹಳೇ ಗೆಳೆಯನನ್ನ ಕೇಳಿ ಹೇಳ್ತೀನಿ ಅಂದೆ. ಓದ್ತಾರಂತೆ. ಪ್ರತಿ ತಿಂಗಳ ಕೊನೆಯ ರಾತ್ರಿ ಬಿಲ್ಲಿಂಗ್ ನಿಂತಾಗ ಹುಡುಗರು ಮೊದಲು ತೆಗೆಯೋದೇ ಆ ಪೇಜುಗಳನ್ನ. ಆದರೆ ಬರೆದವರ ಹೆಸರಿನ ಜಾಗದಲ್ಲಿ ಈಗ 'ಡಿಆಕ್ಟಿವೇಟೆಡ್ ಯೂಸರ್' ಅಂತ ತೋರಿಸುತ್ತಂತೆ. ಓದ್ತಾರೆ ಅನ್ನೋದನ್ನ ಅಣ್ಣನಿಗೆ ಹೇಳಿದೆ. ಹೆಸರಿನ ವಿಷಯ ಹೇಳಲಿಲ್ಲ. ಅವರು ಇದನ್ನ ಓದಿದರೆ ಗೊತ್ತಾಗುತ್ತೆ.